ಒಂದೇ ಮಗು ಬಂದರೂ ವಯಲ್ ತೆರೆಯಲಿ: ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಜಿಲ್ಲೆಯ ಎಲ್ಲ ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಮಕ್ಕಳ ಲಸಿಕೆಯ ಮಾತು ಒಂದು ಶೇಕಡಾವಾರು ಅಂಕಿಯಲ್ಲೇ ಮುಗಿದುಹೋಗುತ್ತದೆ. ಅಂಕಿ ತೊಂಬತ್ತು ದಾಟಿದ್ದರೆ ಮುಂದಿನ ಇಲಾಖೆ, ಕಡಿಮೆ ಇದ್ದರೆ "ಜನರಲ್ಲಿ ಅರಿವು ಮೂಡಿಸಿ" ಎಂಬ ಸೂಚನೆ. ಜನರಿಗೆ ಅರಿವಿಲ್ಲ ಎಂಬ ಈ ತೀರ್ಮಾನವೇ ನಮಗೆ ಒಪ್ಪಿಗೆಯಿಲ್ಲ. ಲಸಿಕೆ ಬೇಡವೇ ಬೇಡ ಎನ್ನುವ ಮನೆಗಳು ನಮ್ಮ ಭಾಗದಲ್ಲಿ ಇಲ್ಲವೆಂದಲ್ಲ. ಆದರೆ ಬಂದು ವಾಪಸ್ ಹೋದವರು, ಬರಲು ಹೊತ್ತು ಸಿಗದವರು, ಗುಳೆ ಹೋದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ದಡಾರದ ಲೆಕ್ಕವನ್ನೇ ನೋಡಿ. ನಮ್ಮ ಹಳ್ಳಿಗಳಲ್ಲಿ ಗೊಬ್ಬರ ಎನ್ನುವ ಈ ರೋಗ ಒಬ್ಬರಿಂದ ಲಸಿಕೆಯಿಲ್ಲದ 12ರಿಂದ 18 ಮಂದಿಗೆ ಹರಡಬಲ್ಲದು. ಒಂಬತ್ತು ತಿಂಗಳು ತುಂಬಿದಾಗ ಹಾಕುವ ಮೊದಲ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ನೂರರಲ್ಲಿ 95 ಮಕ್ಕಳಿಗೆ ಅದು ಸಿಕ್ಕಿತೆನ್ನಿ, ಸಭೆಯಲ್ಲಿ ಎಲ್ಲರೂ ಮೆಚ್ಚುವ ಅಂಕಿ. ಆಗಲೂ ರಕ್ಷಣೆ ಸಿಕ್ಕಿದ್ದು 81 ಮಕ್ಕಳಿಗಷ್ಟೆ, 19 ಮಕ್ಕಳು ಹಾಗೇ ಉಳಿದರು. ಐದು ವರ್ಷ ಹೀಗೇ ನಡೆದರೆ ಉಳಿದವರು 95, ಹೆಚ್ಚುಕಡಿಮೆ ಒಂದು ಇಡೀ ವರ್ಷ ಹುಟ್ಟಿದಷ್ಟು ಮಕ್ಕಳು. 16ರಿಂದ 24 ತಿಂಗಳೊಳಗಿನ ಎರಡನೇ ಡೋಸ್ ಇರುವುದು ಈ ಕೊರತೆ ತುಂಬಲು. ತಪ್ಪುವುದೂ ಅದೇ ಹೆಚ್ಚು, ಏಕೆಂದರೆ ಆ ಹೊತ್ತಿಗೆ ತಾಯಿ ಕೂಲಿಗೆ ಹೋಗಲು ಶುರು ಮಾಡಿರುತ್ತಾಳೆ.

ಈಗ ಗುರುವಾರ ಲಸಿಕೆ ಹಾಕುವ ಅಂಗನವಾಡಿಗೆ ಬರೋಣ. ಎಂಆರ್ ಬರುವುದು ಒಣ ಪುಡಿಯಾಗಿ. ಅದೇ ಕಂಪನಿಯ, 24 ತಾಸು ಮೊದಲೇ 2ರಿಂದ 8 ಡಿಗ್ರಿಯಲ್ಲಿಟ್ಟು ತಣ್ಣಗಾದ ದ್ರಾವಣವನ್ನೇ ಬೆರೆಸಬೇಕು. ಬೆರೆಸಿದ ಸಮಯವನ್ನು ವಯಲ್ (ಲಸಿಕೆಯ ಪುಟ್ಟ ಸೀಸೆ) ಮೇಲೆ ಬರೆದು, ಲಸಿಕೆ ಒಯ್ಯುವ ತಂಪು ಪೆಟ್ಟಿಗೆಯಾದ ಕ್ಯಾರಿಯರ್‌ನ ಫೋಮ್ ಪ್ಯಾಡ್‌ನ ಸೀಳಿನಲ್ಲಿ ಬೆಳಕು ಬೀಳದಂತೆ ನಿಲ್ಲಿಸಬೇಕು. ಬಲ ತೋಳಿನಲ್ಲಿ, ಚರ್ಮದಡಿ, ಅರ್ಧ ಎಂಎಲ್. ನಾಲ್ಕು ತಾಸಿನ ನಂತರ ಉಳಿದದ್ದನ್ನು ಬಳಸುವಂತಿಲ್ಲ. ಇದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ. ಸೂಜಿಯ ಜೊತೆ ಒಳಹೊಕ್ಕ ಒಂದು ಬ್ಯಾಕ್ಟೀರಿಯಾ ಅಲ್ಲೇ ಬೆಳೆದು, ಆ ವಯಲ್‌ನಿಂದ ಚುಚ್ಚಿಸಿಕೊಂಡ ಮಗುವಿನ ಜೀವ ತೆಗೆಯಬಲ್ಲದು. ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್, ಧನುರ್ವಾಯು-ಗಂಟಲಮಾರಿಯ ಟಿಡಿಯಂಥವನ್ನು ತೆರೆದ ಮೇಲೂ, ನಿಯಮ ಪಾಲಿಸಿದರೆ, 28 ದಿನ ಬಳಸಬಹುದು. ಎಂಆರ್‌ಗೆ ಆ ಸವಲತ್ತಿಲ್ಲ.

ಹಾಗಾಗಿ ಐದು ಡೋಸಿನ ವಯಲ್ ಮುಂದೆ ಒಂದೇ ಮಗು ಬಂದಾಗ ಸಿಸ್ಟರ್ ಹಿಂಜರಿಯುತ್ತಾರೆ. ಒಡೆದರೆ ನಾಲ್ಕು ಡೋಸ್ ವೇಸ್ಟ್, ತಿಂಗಳ ಸಭೆಯಲ್ಲಿ ಕೇಳುವುದು ಅದನ್ನೇ. "ಮುಂದಿನ ವಾರ ಬರ್ರಿ" ಎನ್ನುತ್ತಾರೆ. ಒಂದೇ ಮಗು ಇದ್ದರೂ ವಯಲ್ ತೆರೆಯಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ವೇಸ್ಟ್ ಎಷ್ಟಾಯಿತೆಂದು ಕೇಳುವ ಮೇಲಧಿಕಾರಿ, ಎಷ್ಟು ತಾಯಂದಿರನ್ನು ವಾಪಸ್ ಕಳಿಸಿದಿರಿ ಎಂದು ಕೇಳುವುದಿಲ್ಲ. ದಿನದ ಕೂಲಿ ಬಿಟ್ಟು ಬಂದವಳು ಎರಡನೇ ಸಲ ಬರುವುದು ಕಷ್ಟ.

ಹೊತ್ತಿನ ಮಾತೂ ಇದೆ. ಬ್ಯಾಡಗಿ, ರಾಣೆಬೆನ್ನೂರು ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸುವ ದಿನಗಳಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆಯೇ ಟಂಟಂ ಹತ್ತಿ ಹೊಲಕ್ಕೆ ಹೋಗಿಬಿಡುತ್ತಾರೆ. ಹತ್ತಕ್ಕೆ ವಯಲ್ ಬೆರೆಸಿದರೆ ಎರಡಕ್ಕೆ ಎಸೆಯಬೇಕು, ಅವರು ಮರಳುವುದು ಸಂಜೆ. ಸುಗ್ಗಿಯ ಎರಡು ಮೂರು ತಿಂಗಳಾದರೂ ಬೆಳಿಗ್ಗೆ ಏಳಕ್ಕೆ ಲಸಿಕೆ ಶುರುವಾಗಲಿ. ಇದಕ್ಕೆ ಹೊಸ ಹಣ ಅಷ್ಟಾಗಿ ಬೇಡ. ಹಿಂದಿನ ಸಂಜೆಯೇ ವಾಹನದ ವ್ಯವಸ್ಥೆ ಆಗಿರಬೇಕು, ಲಸಿಕೆ ಒಯ್ಯುವವರಿಗೂ ಸಿಸ್ಟರಿಗೂ ಆ ದಿನ ಮಧ್ಯಾಹ್ನ ಬಿಡುವು ಸಿಗಬೇಕು.

ಜನರ ಭಯಕ್ಕೆ ಇತಿಹಾಸವೂ ಇದೆ. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯ ಸಾವಿರಾರು ಜನ ಪ್ಲೇಗ್ ಲಸಿಕೆ ಕಂಡುಹಿಡಿದ ವಿಜ್ಞಾನಿ ಹಾಫ್ಕಿನ್ ಅವರ ಲಸಿಕೆ ಹಾಕಿಸಿಕೊಂಡರು. ನಾಲ್ಕು ವರ್ಷಗಳ ನಂತರ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬಾಟಲಿ ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ಆದರೂ ತಪ್ಪು ಲಸಿಕೆ ತಯಾರಿಸಿದ ಹಾಫ್ಕಿನ್ ಅವರದೇ ಎಂಬ ಆರೋಪ ತೊಲಗಲು 1907ರವರೆಗೆ ಕಾಯಬೇಕಾಯಿತು. 2017ರಲ್ಲಿ ನಮ್ಮ ರಾಜ್ಯದಲ್ಲಿ ಎಂಆರ್ ಅಭಿಯಾನ ನಡೆದಾಗ ವಾಟ್ಸ್ಆ್ಯಪ್ ವದಂತಿ ನಂಬಿ ಮಕ್ಕಳನ್ನು ತಡೆದವರಲ್ಲಿ ಓದಿದವರೂ ಇದ್ದರು. ಕೋವಿಡ್ ಕಾಲದಲ್ಲಿ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ ಎಂಬ ಮಾತು ನಮ್ಮ ರಾಜ್ಯದಲ್ಲೂ ಕೇಳಿಬಂತು. ಹೆದರಿಸಿ ಹಾಕಿದ ಒಂದು ಡೋಸ್ ಮುಂದಿನ ಡೋಸಿನ ಬಾಗಿಲು ಮುಚ್ಚುತ್ತದೆ.

ಭಯವನ್ನು ಕರಗಿಸುವುದು ಮೊದಲೇ ಹೇಳಿದ ನಿಜ. ಪೆಂಟಾವೇಲೆಂಟ್ ಹಾಕಿದ ಒಂದೆರಡು ದಿನದಲ್ಲಿ ಜ್ವರ, ಚುಚ್ಚಿದಲ್ಲಿ ಬಾವು ಬರಬಹುದು. ಎಂಆರ್ ಜ್ವರ ಬರುವುದು 7ರಿಂದ 12 ದಿನಕ್ಕೆ, ಕೆಲವು ಮಕ್ಕಳಿಗೆ ಸಣ್ಣ ಗುಳ್ಳೆಯೂ ಏಳುತ್ತದೆ. ಇದನ್ನು ಯಾರೂ ಹೇಳದಿದ್ದರೆ "ಸೂಜಿ ಮಾಡಿಸಿ ಗೊಬ್ಬರ ತಂದ್ರು" ಎನ್ನುವುದು ಸಹಜ. ಪ್ಯಾರಾಸಿಟಮಾಲ್ ಸಿರಪ್ ಕೊಡುವಾಗ ಇನ್ನೊಂದು ಅಪಾಯ: 5 ಎಂಎಲ್‌ಗೆ 125 ಮಿಲಿಗ್ರಾಂನದೂ ಸಿಗುತ್ತದೆ, 250ರದೂ ಸಿಗುತ್ತದೆ. ಏಳು ಕೆಜಿಯ ಮಗುವಿಗೆ ಒಂದು ಸಲಕ್ಕೆ ಬೇಕಾದ್ದು 70ರಿಂದ 105 ಮಿಲಿಗ್ರಾಂ, ಅಂದರೆ ಮೊದಲನೆಯದಾದರೆ ಮೂರರಿಂದ ನಾಲ್ಕು ಎಂಎಲ್, ಎರಡನೆಯದಾದರೆ ಅದರ ಅರ್ಧ. ಬಾಟಲಿ ತೋರಿಸಿ, ಅಳತೆ ಮುಚ್ಚಳದ ಮೇಲೆ ಗೆರೆ ಹಾಕಿ ಕೊಡಲು ಎರಡು ನಿಮಿಷ ಸಾಕು. ಲಸಿಕೆಯ ನಂತರ ಮಗುವನ್ನು ಅರ್ಧ ತಾಸು ಕೂರಿಸಿಕೊಳ್ಳಬೇಕೆಂಬ ನಿಯಮವಿದೆಯಲ್ಲ, ಆಗಲೇ ಇದೆಲ್ಲ ಹೇಳಬಹುದು. ಕೂರಲು ನೆರಳು, ಕುಡಿಯಲು ನೀರು ಇರಬೇಕು.

ತಾಂಡಾಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ಎರಡು ಊರಿನ ಪಟ್ಟಿಯಿಂದಲೂ ಬಿಟ್ಟುಹೋಗುತ್ತಾರೆ. ಹೊರಡುವ ಮುನ್ನವೇ ತಾಂಡಾದಲ್ಲಿ ಒಂದು ಲಸಿಕಾ ದಿನ, ಯುಗಾದಿಗೆ ಮರಳಿದಾಗ ಇನ್ನೊಂದು ಇಡಿಸಿ. ತಾಯಿ ಕಾರ್ಡ್ ಜೊತೆಗಿದ್ದರೆ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಹಾಕಿಸಬಹುದು, ತಪ್ಪಿದ ಎಂಆರ್ ಐದು ವರ್ಷದವರೆಗೂ ಸಿಗುತ್ತದೆ ಎಂಬುದನ್ನು ಆ ದಿನವೇ ಹೇಳಬೇಕು.

ಗೊಬ್ಬರ ಎದ್ದ ಮನೆಯವರು ಬೇವಿನ ಸೊಪ್ಪು ಕಟ್ಟಿ ಮಗುವನ್ನು ಒಳಗೇ ಇಡುತ್ತಾರೆ. ಅದನ್ನು ಹೀಗಳೆಯಬೇಡಿ. ಗುಳ್ಳೆ ಎದ್ದ ನಾಲ್ಕು ದಿನ ಬೇರೆ ಮಕ್ಕಳಿಂದ ದೂರವಿಡುವುದು ಸರಿಯಾದದ್ದೇ. ಜೊತೆಗೆ ಆಶಾಗೆ ಸುದ್ದಿ ಮುಟ್ಟಲಿ. ವಿಟಮಿನ್ ಎ ಎರಡು ದಿನ ಸತತವಾಗಿ ಸಿಗಲಿ, ವರ್ಷ ತುಂಬಿದ ಮಗುವಿಗಾದರೆ ದಿನಕ್ಕೆ ಎರಡು ಲಕ್ಷ ಯೂನಿಟ್. ರಕ್ತದ ಮಾದರಿ ಪರೀಕ್ಷೆಗೆ ಹೋಗಲಿ. ಸುದ್ದಿ ಕೊಟ್ಟ ಆಶಾಗೆ "ನಿನ್ನ ಏರಿಯಾದಾಗ ಹೆಂಗ ಬಂತು" ಎಂಬ ಬೈಗುಳ ಬಿದ್ದರೆ ಮುಂದಿನ ಸಲ ಅವಳು ಬಾಯಿ ಬಿಡುವುದಿಲ್ಲ.

ಮುಂದಿನ ಕೆಡಿಪಿ ಸಭೆಯಲ್ಲಿ ಉಪಕೇಂದ್ರವಾರು ಮೂರು ಅಂಕಿ ಕೇಳಿ: ನಿಗದಿಯಾದ ಲಸಿಕಾ ದಿನಗಳಲ್ಲಿ ನಡೆದದ್ದೆಷ್ಟು, ಎರಡನೇ ಎಂಆರ್ ಪಡೆದ ಮಕ್ಕಳೆಷ್ಟು, ಬಂದು ಲಸಿಕೆ ಸಿಗದೆ ವಾಪಸ್ ಹೋದವರೆಷ್ಟು. ಮೂರನೆಯದನ್ನು ಬರೆದಿಡಲು ರಿಜಿಸ್ಟರಿನಲ್ಲಿ ಒಂದು ಕಾಲಂ ಹಾಕಿಸಿ.

ಇಂತಿ,
ಲಸಿಕಾ ಕಾರ್ಯಕ್ರಮದಲ್ಲಿ ದುಡಿದ ನಿವೃತ್ತ ಆರೋಗ್ಯ ಸಿಬ್ಬಂದಿ, ಹಾವೇರಿ