ಎರಡೇ ಟೀಮಿನ ಲೀಗು

ಸೇಂಟ್ ಮೇರೀಸ್, ಸಿಲ್ಲಿ ದ್ವೀಪಗಳು
ಫೆಬ್ರವರಿ 11

ಪ್ರೀತಿಯ ಅಣ್ಣನಿಗೆ ನಮಸ್ಕಾರ,

ನಾನು ಇಲ್ಲಿ ಕ್ಷೇಮ. ಅಮ್ಮನ ಮಂಡಿ ನೋವು ಈಗ ಹೇಗಿದೆ, ಬರೆ. ಮೊನ್ನೆ ಫೋನಿನಲ್ಲಿ ‘ನಾವಿರೋ ಊರಲ್ಲೂ ಫುಟ್‌ಬಾಲ್ ಲೀಗ್ ಇದೆ, ಎರಡು ಟೀಮು’ ಅಂದಿದ್ದಕ್ಕೆ ‘ಎರಡೇ ಟೀಮಿದ್ದರೆ ಅದು ಲೀಗಲ್ಲ ಮಾರಾಯ್ತಿ, ಬರೀ ಮ್ಯಾಚು’ ಅಂತ ನಕ್ಕೆಯಲ್ಲ, ನಿನ್ನ ನಗು ಮುಗಿಯುವಷ್ಟರಲ್ಲಿ ಲೈನೇ ಹೋಯಿತು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಇವತ್ತು ರಾತ್ರಿ ಪಾಳಿ. ವಾರ್ಡಿನಲ್ಲಿ ಇಬ್ಬರೇ ರೋಗಿಗಳು, ಇಬ್ಬರಿಗೂ ಒಳ್ಳೆ ನಿದ್ದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಜಾಗ ಎಲ್ಲಿದೆ ಅಂತ ಮೊದಲು ತಿಳಿದುಕೋ, ಇಲ್ಲದಿದ್ದರೆ ಯಾವುದೂ ಅರ್ಥವಾಗುವುದಿಲ್ಲ. ಇಂಗ್ಲೆಂಡಿನ ಭೂಪಟದಲ್ಲಿ ಎಡಗಡೆ ಕೆಳಗೆ ಕಾಲು ಚಾಚಿದ ಹಾಗಿರುವುದು ಕಾರ್ನ್‌ವಾಲ್. ಅದರ ತುದಿಯಿಂದ ಇನ್ನೂ 45 ಕಿಲೊಮೀಟರ್ ಸಮುದ್ರದೊಳಗೆ ಬಂದರೆ ನಾವು. ಜನವಸತಿ ಇರುವ ದ್ವೀಪಗಳು ಐದು, ಎಲ್ಲಾ ಸೇರಿ 2,000 ಚಿಲ್ಲರೆ ಮಂದಿ. (‘ಸಿಲ್ಲೀಸ್’ ಅಂದರೆ ಇಲ್ಲಿಯವರು ಮುಖ ಸಿಂಡರಿಸುತ್ತಾರೆ, ‘ಸಿಲ್ಲಿ’ ಅನ್ನಬೇಕು. ನೀನು ಆ ಹೆಸರಿನ ಮೇಲೆ ಮಾಡಬಹುದಾದ ಜೋಕುಗಳೆಲ್ಲ ಆಗಲೇ ಆಗಿಹೋಗಿವೆ.) ಚಳಿಗಾಲ ಬಂತೆಂದರೆ ಪ್ರಯಾಣಿಕರ ಹಡಗು ನಿಂತುಹೋಗುತ್ತದೆ. ಮಂಜು ಕವಿದರೆ ಚಿಕ್ಕ ವಿಮಾನವೂ ಇಲ್ಲ. ಫುಟ್‌ಬಾಲ್ ಆಡುವುದೇ ಚಳಿಗಾಲದಲ್ಲಿ. ಹಾಗಿರುವಾಗ ವಾರವಾರವೂ ಆಚೆ ದಡದ ಟೀಮು ಎಲ್ಲಿಂದ ಬರಬೇಕು, ಹೇಳು? ಎದುರಾಳಿಯನ್ನೂ ಊರಲ್ಲೇ ಬೆಳೆಸಿಕೊಳ್ಳಬೇಕು.

ಮೊದಲು ಹೀಗಿರಲಿಲ್ಲ. ನಾನು ಬಾಡಿಗೆಗಿರುವ ಮನೆಯ ಯಜಮಾನಿಯ ಅಪ್ಪನಿಗೆ ಈಗ 86 ವರ್ಷ. ಕಿವಿ ಮಂದ, ಆದರೆ ಫುಟ್‌ಬಾಲ್ ಅನ್ನುವ ಶಬ್ದ ಮಾತ್ರ ಪಕ್ಕದ ಕೋಣೆಯಿಂದಲೂ ಕೇಳಿಸುತ್ತದೆ. ಅವರು ತಮ್ಮ ಅಪ್ಪನ ಕಾಲದಿಂದ ಶುರು ಮಾಡುತ್ತಾರೆ. 1920ರ ದಶಕ. ಆಗ ದ್ವೀಪ ದ್ವೀಪಗಳ ನಡುವೆಯೇ ಪೈಪೋಟಿ. ಸೇಂಟ್ ಮೇರೀಸ್, ಟ್ರೆಸ್ಕೊ, ಬ್ರೈಯರ್, ಸೇಂಟ್ ಮಾರ್ಟಿನ್ಸ್, ಸೇಂಟ್ ಆಗ್ನೆಸ್, ಎಲ್ಲರಿಗೂ ಒಂದೇ ಕಪ್ಪಿನ ಮೇಲೆ ಕಣ್ಣು. ಅದರ ಹೆಸರು ಲಿಯೊನೆಸ್ ಕಪ್. ಲಿಯೊನೆಸ್ ಅಂದರೆ ಕಾರ್ನ್‌ವಾಲ್‌ಗೂ ಈ ದ್ವೀಪಗಳಿಗೂ ನಡುವೆ ಇತ್ತು, ಒಂದು ರಾತ್ರಿ ಸಮುದ್ರ ನುಂಗಿತು ಅಂತ ಕಥೆ ಹೇಳುವ ನಾಡು. ನಮ್ಮ ದ್ವಾರಕೆಯ ಹಾಗೆ ಅಂದುಕೋ. ಆಟಗಾರರು ದೋಣಿಯಲ್ಲಿ ಬರಬೇಕು, ಸಮುದ್ರ ಕೆರಳಿದರೆ ಆವತ್ತು ಆಟವಿಲ್ಲ.

ಆ ಕಾಲ ಬಹಳ ದಿನ ಉಳಿಯಲಿಲ್ಲ. ಬ್ರೈಯರ್ ಮತ್ತು ಸೇಂಟ್ ಆಗ್ನೆಸ್‌ನಲ್ಲಿ ಈಗ ತಲಾ ನೂರು ಜನರೂ ಇಲ್ಲ. ಮಕ್ಕಳು, ಮುದುಕರು, ಸೊಂಟ ಹಿಡಿದವರು, ಆಟವೆಂದರೆ ಆಗದವರನ್ನೆಲ್ಲ ಬಿಟ್ಟು ಹನ್ನೊಂದು ಜನರನ್ನು ಎಣಿಸು, ನೋಡೋಣ. 1950ರ ದಶಕದ ಹೊತ್ತಿಗೆ ಉಳಿದದ್ದು ಎರಡೇ ಟೀಮು, ರೇಂಜರ್ಸ್ ಮತ್ತು ರೋವರ್ಸ್. ಎರಡೂ ಸೇಂಟ್ ಮೇರೀಸ್‌ನವೇ. ನಮ್ಮ ಅಜ್ಜ ರೋವರ್ಸ್. (ಅವರನ್ನು ನಾನು ಅಜ್ಜ ಅಂತಲೇ ಕರೆಯುವುದು, ಅವರಿಗದು ತಮ್ಮ ಅಡ್ಡಹೆಸರು ಅನ್ನಿಸಿದೆ.) 1984ರಲ್ಲಿ ಆ ಹೆಸರುಗಳನ್ನೂ ಬಿಟ್ಟು ಹೊಸದಾಗಿ ವುಲ್‌ಪ್ಯಾಕ್ ವಾಂಡರರ್ಸ್, ಗ್ಯಾರಿಸನ್ ಗನ್ನರ್ಸ್ ಅಂತ ಇಟ್ಟುಕೊಂಡರು. ಇವತ್ತಿಗೂ ಅವೇ. ಅಜ್ಜನಿಗೆ ಅದು ಇನ್ನೂ ಒಪ್ಪಿಗೆಯಾಗಿಲ್ಲ. ವಾಂಡರರ್ಸ್ ಗೆದ್ದರೂ ಗನ್ನರ್ಸ್ ಗೆದ್ದರೂ ‘ರೋವರ್ಸ್ ಆಗಿದ್ದರೆ’ ಅಂತಲೇ ಮಾತು ಶುರು.

ಹೊಸ ಹೆಸರುಗಳಲ್ಲೂ ಒಂದು ತಮಾಷೆ ಇದೆ. ಪೇಟೆಯ ಪಕ್ಕ ಗ್ಯಾರಿಸನ್ ಅಂತ ಒಂದು ಗುಡ್ಡ. ಸ್ಪೇನಿನವರು ದಂಡೆತ್ತಿ ಬರುತ್ತಾರೆಂಬ ಹೆದರಿಕೆಯಲ್ಲಿ 1593ರಲ್ಲಿ ಅದರ ಮೇಲೆ ನಕ್ಷತ್ರದ ಆಕಾರದ ಕೋಟೆ ಕಟ್ಟಿದರು, ಈಗ ಅದು ಹೋಟೆಲು. ಸುತ್ತ ಕಲ್ಲಿನ ಗೋಡೆ, ಗೋಡೆಗುಂಟ ಫಿರಂಗಿಗಳನ್ನಿಡುವ ಕಟ್ಟೆಗಳು. ಅಂಥ ಒಂದು ಕಟ್ಟೆಯ ಹೆಸರೇ ವುಲ್‌ಪ್ಯಾಕ್. ಅಂದರೆ ಎರಡು ಟೀಮಿನ ಹೆಸರೂ ಒಂದೇ ಗುಡ್ಡದಿಂದ ಬಂದದ್ದು, ಇಬ್ಬರೂ ಆಡುವುದು ಅದೇ ಗುಡ್ಡದ ಮೈದಾನದಲ್ಲಿ. ನಮ್ಮೂರ ಮೇಲಿನಕೇರಿ, ಕೆಳಗಿನಕೇರಿ ಇದ್ದಂತೆ ಅಂತ ನಾನು ಮೊದಲು ಎಣಿಸಿದ್ದೆ. ಅಲ್ಲ. ಇಲ್ಲಿ ಕೇರಿ ಇಲ್ಲ, ಮನೆತನ ಇಲ್ಲ.

ಹಾಗಾದರೆ ಯಾರು ಯಾವ ಟೀಮು? ಇದನ್ನೇ ನಿನಗೆ ಹೇಳಬೇಕಂತಿದ್ದೆ. ಪ್ರತಿ ಸೀಸನ್ನಿನ ಮೊದಲಿಗೆ ಆಟಗಾರರೆಲ್ಲ ಒಟ್ಟಾಗುತ್ತಾರೆ, ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾ ಹೋಗುತ್ತಾರೆ. ನಾವು ಚಿಕ್ಕವರಿದ್ದಾಗ ಗದ್ದೆ ಬಯಲಲ್ಲಿ ‘ನನಗಿವನು, ನಿನಗವನು’ ಅಂತ ಪಾಲು ಮಾಡಿಕೊಳ್ಳುತ್ತಿದ್ದೆವಲ್ಲ, ಅದೇ. ಹೋದ ವರ್ಷ ವಾಂಡರರ್ಸ್‌ಗಾಗಿ ಗಂಟಲು ಹರಿದುಕೊಂಡವನು ಈ ವರ್ಷ ಗನ್ನರ್ಸ್ ಆಗಬಹುದು. ಬಲ ಒಂದೇ ಕಡೆ ಕೂಡಿದರೆ ಆಟ ಸತ್ತಿತು, ಬೇರೆ ಎದುರಾಳಿ ತರಲು ಸಮುದ್ರ ಬಿಡುವುದಿಲ್ಲ. ದುಡ್ಡಿನ ಲೀಗುಗಳಲ್ಲಿ ಒಂದೆರಡು ಟೀಮೇ ವರ್ಷವರ್ಷವೂ ಕಪ್ಪು ಹೊತ್ತುಕೊಂಡು ಹೋಗುವುದನ್ನು ನೋಡಿ ಬೈಯುತ್ತೀಯಲ್ಲ, ಅದಕ್ಕೆ ಈ ಸಣ್ಣ ಊರಿನವರು ಖರ್ಚಿಲ್ಲದ ಮದ್ದು ಕಂಡುಕೊಂಡಿದ್ದಾರೆ.

ಮತ್ತೆ ಪಾಯಿಂಟ್ ಟೇಬಲ್ಲು! ಎರಡೇ ಸಾಲು. ಸೋತು ಸುಣ್ಣವಾದವರಿಗೂ ಎರಡನೇ ಸ್ಥಾನ ಖಾತ್ರಿ. ಆದರೆ ಲೆಕ್ಕ ಹಾಕಿ ನೋಡಿದರೆ ನೀನು ಅಂದುಕೊಂಡಷ್ಟು ನೀರಸ ಅಲ್ಲ ಅಣ್ಣ. ಗೆದ್ದರೆ 3 ಪಾಯಿಂಟು, ಡ್ರಾ ಆದರೆ ಇಬ್ಬರಿಗೂ ಒಂದೊಂದು. ದೊಡ್ಡ ಲೀಗಿನಲ್ಲಿ ನೀನು ಸೋತ ದಿನ ನಿನ್ನ ಪ್ರತಿಸ್ಪರ್ಧಿಯೂ ಬೇರೆಲ್ಲೋ ಸೋತಿರಬಹುದು, ಸಮಾಧಾನ. ಇಲ್ಲಿ ನೀನು ಬಿಟ್ಟುಕೊಟ್ಟದ್ದು ನೇರವಾಗಿ ಎದುರಿನವನ ಜೇಬಿಗೇ. ಡ್ರಾ ಆದರೆ ಅಂತರ ಒಂದಿಂಚೂ ಅಲ್ಲಾಡುವುದಿಲ್ಲ. ಹಿಂದೆ ಬಿದ್ದವನು ಗೆಲ್ಲಲೇಬೇಕು, ಬೇರೆ ಯಾರೂ ಬಂದು ಅವನಿಗೆ ಉಪಕಾರ ಮಾಡುವುದಿಲ್ಲ. ಇದರ ಮೇಲೆ ವರ್ಷಕ್ಕೆ ಎರಡು ಕಪ್ಪುಗಳು ಬೇರೆ, ಫೋರ್‌ಡೆಕ್ ಮತ್ತು ಹೋಲ್‌ಸೇಲರ್ಸ್. ಫೈನಲ್ಲಿಗೆ ಯಾರು ಬರುತ್ತಾರೆ ಅಂತ ನನ್ನನ್ನು ಕೇಳಬೇಡ.

ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಹಾಗೇ ಗುಡ್ಡ ಹತ್ತಿದೆ. ಗಾಳಿ ಹೇಗಿತ್ತೆಂದರೆ ಗೋಲ್‌ಕೀಪರ್ ಗೋಲ್‌ಕಿಕ್ಕಿಗೆ ಇಟ್ಟ ಚೆಂಡು ಅವನು ಓಡಿ ಬರುವಷ್ಟರಲ್ಲಿ ತಾನೇ ಉರುಳಿಕೊಂಡು ಹೋಗಿಬಿಟ್ಟಿತು. ಮೂರನೇ ಸಲ ಒಬ್ಬ ಮಂಡಿಯೂರಿ ಒಂದೇ ಬೆರಳಲ್ಲಿ ಚೆಂಡನ್ನು ಒತ್ತಿ ಹಿಡಿದ, ಇನ್ನೊಬ್ಬ ಒದ್ದ. ಬೆರಳು ಉಳಿಯಿತು. ಉಳಿಯದಿದ್ದರೆ ನನಗೇ ಕೆಲಸ ಬರುತ್ತಿತ್ತು. ಅವನು ಒದ್ದ ಚೆಂಡು ಮೇಲೇರಿ, ಅರ್ಧ ಮೈದಾನಕ್ಕೆ ಹೋಗಿ, ಗಾಳಿಗೆ ತಿರುಗಿ ಮತ್ತೆ ಅವನ ಕಡೆಗೇ ಬಂತು. ಯಾರೂ ನಗಲಿಲ್ಲ, ಅವರಿಗದು ಮಾಮೂಲು. ನಾನೊಬ್ಬಳೇ ನಕ್ಕೆ. ನನ್ನ ಪಕ್ಕ ನಿಂತು ನೋಡುತ್ತಿದ್ದವರು ಬಹಳ ಇಲ್ಲ, ಒಂದು ಹತ್ತು ಜನ, ಎರಡು ನಾಯಿ.

ಆಡುವವರಲ್ಲಿ ಅರ್ಧ ಜನರ ಬೆನ್ನು ಆಗಲೇ ಬಾಗಿರುತ್ತದೆ. ಇಲ್ಲಿಯ ಬೇಸಾಯ ಅಂದರೆ ಹೂವು, ಘಮಘಮಿಸುವ ನಾರ್ಸಿಸಸ್. ಅದರ ಕೊಯ್ಲೂ ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಸರಿಯಾಗಿ ಫುಟ್‌ಬಾಲಿನ ಕಾಲದಲ್ಲೇ. ವಾರವೆಲ್ಲ ಬಗ್ಗಿ ಹೂ ಕೊಯ್ದು ಭಾನುವಾರ ಓಡಬೇಕು. ಬೇಸಿಗೆಯಲ್ಲಿ ಚೆಂಡು ಮುಟ್ಟುವವರಿಲ್ಲ. ಆಗ ಪ್ರವಾಸಿಗರು, ಜೊತೆಗೆ ಆರು ಹುಟ್ಟಿನ ಗಿಗ್ ದೋಣಿಗಳ ಪಂದ್ಯ.

2008ರಲ್ಲಿ ಅಡಿಡಾಸ್‌ನವರು ಜಾಹೀರಾತಿಗಾಗಿ ಇಲ್ಲಿಗೆ ಬೆಕ್‌ಹ್ಯಾಮ್, ಜೆರಾರ್ಡ್ ಅಂಥವರನ್ನೆಲ್ಲ ಕರೆತಂದಿದ್ದರು. ಪ್ರಪಂಚದ ಅತಿ ಚಿಕ್ಕ ಲೀಗು ಅಂತ ಹೆಸರಾದದ್ದು ಆಗಲೇ ಹೆಚ್ಚು. ಊರಿನವರು ಅದನ್ನು ಹೇಳಿಕೊಳ್ಳುವುದು ಕಡಿಮೆ. ಬಂದರು, ಹೋದರು, ಮುಂದಿನ ಭಾನುವಾರ ಮತ್ತೆ ಇವರೇ ಆಡಬೇಕು.

ನಿಜವಾದ ಭಯ ಬೇರೆ ಇದೆ. ಇಲ್ಲಿ ಶಾಲೆ ಹದಿನಾರರವರೆಗೆ ಮಾತ್ರ. ಮುಂದೆ ಓದಬೇಕೆಂದರೆ ಆಚೆ ದಡಕ್ಕೆ ಹೋಗಿ ಹಾಸ್ಟೆಲೋ ಬಾಡಿಗೆ ಕೋಣೆಯೋ ನೋಡಿಕೊಳ್ಳಬೇಕು. ಕಾಲಿಗೆ ಬಲ ಬರುವ ವಯಸ್ಸಿಗೆ ಹುಡುಗರು ಹೊರಟುಬಿಡುತ್ತಾರೆ, ಎಲ್ಲರೂ ವಾಪಸ್ ಬರುವುದಿಲ್ಲ. ಹಾಗಾಗಿ ಟೀಮಿನಲ್ಲಿ ಹದಿನೈದರ ಹುಡುಗನ ಪಕ್ಕ ಐವತ್ತರ ಬಡಗಿ ನಿಂತಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಹೊಸದಾಗಿ ಊರಿಗೆ ಬಂದ ಗಂಡಸು ಯಾರೇ ಆಗಲಿ, ಅಂಗಡಿಯಲ್ಲಿ ಎರಡನೇ ಪ್ರಶ್ನೆಯೇ ‘ಆಡ್ತೀಯಾ?’ ನಮ್ಮ ಆಸ್ಪತ್ರೆಗೆ ಬಂದ ಕೇರಳದ ಹುಡುಗನನ್ನು ಒಂದೇ ವಾರದಲ್ಲಿ ಹಿಡಿದುಹಾಕಿದರು. ಅವನು ಡಿಫೆಂಡರ್. ಆಟ ಸುಮಾರು, ಆದರೆ ಭಾನುವಾರ ತಪ್ಪಿಸುವುದಿಲ್ಲ. ಇಲ್ಲಿ ಬೇಕಾಗಿರುವುದು ಅಷ್ಟೇ.

ನೀವು ವಾಲಿಬಾಲ್ ನೆಟ್ಟು ಮಡಚಿಟ್ಟು ಐದು ವರ್ಷವಾಯಿತಲ್ಲ, ಪಕ್ಕದೂರಿನ ಟೀಮುಗಳು ಬರುವುದಿಲ್ಲ ಅಂತ. ಊರಲ್ಲಿ ಈಗ ಇರುವವರು ಎಷ್ಟು ಜನ? ನೀನು, ಪೋಸ್ಟಿನವನು, ಕೆಳಗಿನಮನೆಯ ಅಣ್ಣತಮ್ಮಂದಿರು ಸೇರಿಸಿ, ನಲವತ್ತೈದು ದಾಟಿದವರನ್ನೂ ಬಿಡದೆ ಎಣಿಸು. ಹನ್ನೆರಡು ಆಗುತ್ತಾರಾ? ಉತ್ತರ ಬರೆ, ಫೋನಿನಲ್ಲಿ ಬೇಡ, ನೀನು ನಗುತ್ತೀಯ.

ಅಮ್ಮನಿಗೆ ಹೇಳು, ಕಳಿಸಿದ ಹುಳಿಪುಡಿ ಬಂದು ಮುಟ್ಟಿದೆ. ಡಬ್ಬಿಯ ಮುಚ್ಚಳ ಒಡೆದು ಪಾರ್ಸೆಲ್ಲಿನ ಬಟ್ಟೆಗಳೆಲ್ಲ ಘಂ ಅನ್ನುತ್ತಿವೆ. ಎರಡು ಸಲ ಒಗೆದೆ, ಹೋಗಿಲ್ಲ.

ಇತಿ ನಿನ್ನ
ತಂಗಿ