ಲೆಕ್ಕ ಓದಿದರೆ ಸಾಲದು, ಕಾರಣವನ್ನೂ ಹೇಳಬೇಕು

ಸಂಪಾದಕರಿಗೆ,

ಮಾನ್ಯರೇ,

ಕರಾವಳಿಯ ಚರ್ಚುಗಳ ವಾರ್ಷಿಕ ಹಬ್ಬ, ಹೊಸ ಕಟ್ಟಡದ ಉದ್ಘಾಟನೆ, ದಾನಿಗಳ ಸನ್ಮಾನ ಇವುಗಳ ವರದಿ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಚಿತ್ರಸಹಿತ ಬರುತ್ತಿರುತ್ತದೆ. ಆದರೆ ಆ ಕಟ್ಟಡಕ್ಕೆ ಆದ ಖರ್ಚೆಷ್ಟು, ಉಳಿದ ಸಾಲವೆಷ್ಟು, ಕಟ್ಟಬೇಕೆಂಬ ತೀರ್ಮಾನವನ್ನು ಯಾರು, ಯಾವ ಸಭೆಯಲ್ಲಿ ಕೈಗೊಂಡರು ಎಂಬುದು ಎಷ್ಟೋ ಬಾರಿ ಅದೇ ಚರ್ಚಿನ ಸದಸ್ಯರಿಗೂ ತಿಳಿದಿರುವುದಿಲ್ಲ. ಉಡುಪಿ ಧರ್ಮಪ್ರಾಂತ್ಯದ (ಬಿಷಪರ ಆಡಳಿತ ವ್ಯಾಪ್ತಿಯ) ಒಬ್ಬ ಕೆಥೋಲಿಕನಾಗಿ, ಚರ್ಚಿನ ಕುಟುಂಬಗಳ ಗುಂಪಾದ ವಾರ್ಡಿನ ಕೆಲಸಗಳಲ್ಲಿ ತೊಡಗಿಕೊಂಡವನಾಗಿ, ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಮೂಲಕ ಹೇಳಬಯಸುತ್ತೇನೆ.

ಲೆಕ್ಕ ಕೊಡುವ ಪದ್ಧತಿಯೇ ನಮ್ಮಲ್ಲಿಲ್ಲ ಎಂದಲ್ಲ. ಭಾನುವಾರದ ಬಲಿಪೂಜೆ ಮುಗಿಯುತ್ತಾ ಬಂದಾಗ, ಕೊನೆಯ ಆಶೀರ್ವಾದಕ್ಕೆ ಮುನ್ನ, ಚರ್ಚಿನ ಆಡಳಿತದಲ್ಲಿ ಧರ್ಮಗುರುಗಳಿಗೆ ನೆರವಾಗುವ ಪಾಲನಾ ಮಂಡಳಿಯ ಕಾರ್ಯದರ್ಶಿಯವರು ಮೈಕಿನ ಮುಂದೆ ನಿಂತು ಇಡೀ ವರ್ಷದ ಜಮಾ ಖರ್ಚನ್ನು ಒಂದೇ ಉಸಿರಿಗೆ ಓದುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನವರು ಸ್ಕೂಟರಿನ ಕೀ ಹುಡುಕತೊಡಗಿರುತ್ತಾರೆ. ‘ಇತರೆ ಖರ್ಚು’ ಎಂಬ ಬಾಬತ್ತು ದುರಸ್ತಿಯ ಖರ್ಚಿಗಿಂತ ದೊಡ್ಡದಾಗಿದ್ದರೂ ಅದರೊಳಗೆ ಏನೇನಿದೆ ಎಂದು ಕೇಳುವ ಅವಕಾಶ ಅಲ್ಲಿಲ್ಲ. ಹೊರಗೆ ಬಂದು ಕೇಳಿದವನಿಗೆ ‘ಇವನದ್ದು ಯಾವಾಗಲೂ ಇದೇ’ ಎಂಬ ನೋಟ ಸಿಗುತ್ತದೆ. ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿರಲಿಕ್ಕಿಲ್ಲ, ಆದರೂ ಸಂಜೆಯೊಳಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಾನಾ ಬಗೆಯ ಮಾತು ಹರಿದಾಡುತ್ತದೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಕಟ್ಟಡ ನಿಧಿಗೆ ಹಣ ಕಳುಹಿಸಿದವರು ಊರಿನ ನೆಂಟರಿಗೆ ಫೋನು ಮಾಡಿ ವಿಚಾರಿಸತೊಡಗುತ್ತಾರೆ.

ಕೆಥೋಲಿಕ್ ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸಾಕಷ್ಟು ಸ್ಪಷ್ಟವಾಗಿದೆ. 1983ರ ಕ್ಯಾನನ್ ಕಾನೂನು ಸಂಹಿತೆಯ 537ನೇ ನಿಯಮದಂತೆ ಪ್ರತಿಯೊಂದು ಚರ್ಚಿನಲ್ಲೂ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ನೀಡಿದ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೇ ನಿಯಮವೂ, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಹಣವನ್ನು ಅದೇ ಉದ್ದೇಶಕ್ಕೆ ಬಳಸಬೇಕೆಂದು 1267ನೇ ನಿಯಮವೂ ಹೇಳುತ್ತವೆ. 2024ರ ಅಕ್ಟೋಬರಿನಲ್ಲಿ ಮುಗಿದ ಸಿನೊಡ್‌ನ (ಬಿಷಪರ ಜಾಗತಿಕ ಸಭೆಯ) ಅಂತಿಮ ದಾಖಲೆಯು ವಾರ್ಷಿಕ ಹಣಕಾಸು ವರದಿ, ಸಾಧ್ಯವಾದ ಮಟ್ಟಿಗೆ ಹೊರಗಿನವರಿಂದ ಲೆಕ್ಕಪರಿಶೋಧನೆ, ಹೊಣೆ ಹೊತ್ತವರ ಕೆಲಸದ ಮೌಲ್ಯಮಾಪನ ಇವಿಷ್ಟನ್ನೂ ಕೇಳಿದೆ. ಆದರೆ ಹಣಕಾಸು ಸಮಿತಿ ಕಾಗದದ ಮೇಲಿದ್ದು, ಅದರ ಸದಸ್ಯರು ಯಾರೆಂಬುದೇ ಜನರಿಗೆ ಗೊತ್ತಿಲ್ಲದಿದ್ದರೆ ನಿಯಮ ಪಾಲಿಸಿದಂತೆ ಆಗುವುದಾದರೂ ಹೇಗೆ?

ನನ್ನ ಮುಖ್ಯ ಮಾತು ಹಣಕ್ಕಷ್ಟೇ ಸಂಬಂಧಿಸಿದ್ದಲ್ಲ. ನಮ್ಮ ಭಾಗದ ಒಂದು ಚರ್ಚಿನಲ್ಲಿ ಹಳೆಯ ಹಂಚಿನ ಮಾಡನ್ನು ಬಿಚ್ಚಿ ಹೊಸದಾಗಿ ಹೊದಿಸುವ ಕೆಲಸ ಬಂದಾಗ ಅಲ್ಲಿನ ಧರ್ಮಗುರುಗಳು ಬಂದ ಎಲ್ಲ ದರಪಟ್ಟಿಗಳನ್ನೂ ನೋಟಿಸ್ ಬೋರ್ಡಿಗೆ ಹಾಕಿಸಿದ್ದರು. ಅತಿ ಕಡಿಮೆ ದರದವರಿಗೆ ಕೆಲಸ ಕೊಟ್ಟಿರಲಿಲ್ಲ. ಏಕೆಂದು ಕೇಳಿದವರಿಗೆ, ಆ ಪಟ್ಟಿಯಲ್ಲಿ ಹಂಚನ್ನು ಹೊರುವ ಪಕ್ಕಾಸು, ರೀಪುಗಳ ಮರದ ಬೆಲೆ ಸೇರಿಲ್ಲ ಎಂಬುದನ್ನು ಗೆರೆ ಎಳೆದು ತೋರಿಸಿದರು, ವಾರ್ಡ್ ಸಭೆಗಳಿಗೂ ಹೋಗಿ ಅದನ್ನೇ ವಿವರಿಸಿದರು. ತಾರಸಿ ಹಾಕಬೇಕೆಂದು ವಾದಿಸುತ್ತಿದ್ದವರು ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಯಾರೂ ಧರ್ಮಗುರುಗಳ ಪ್ರಾಮಾಣಿಕತೆಯ ಬಗ್ಗೆ ಪಿಸುಗುಡಲಿಲ್ಲ. ನಾಯಕನ ತೀರ್ಮಾನವನ್ನು ಜನ ಒಪ್ಪದೆಯೂ ನಂಬಬಲ್ಲರು, ಅದಕ್ಕೆ ಕಾರಣ ತಿಳಿದಿರಬೇಕು, ಅದೂ ಕೆಲಸ ಶುರುವಾಗುವ ಮೊದಲೇ ತಿಳಿದಿರಬೇಕು.

ಧರ್ಮಗುರುಗಳನ್ನಷ್ಟೇ ದೂರಿದರೆ ಅನ್ಯಾಯವಾದೀತು. ಅವರು ಕೆಲವು ವರ್ಷಗಳಲ್ಲಿ ವರ್ಗವಾಗಿ ಹೋಗುವವರು, ಊರಿನಲ್ಲೇ ಉಳಿಯುವ ಪಾಲನಾ ಮಂಡಳಿಯ ಉಪಾಧ್ಯಕ್ಷರು, ವಾರ್ಡಿನ ಮುಖಂಡರಾದ ಗುರಿಕಾರರು, ಚರ್ಚಿನ ಆಯೋಗಗಳ ಸಂಯೋಜಕರು ಎಷ್ಟೋ ಕಡೆ ಅವರಿಗಿಂತ ಹೆಚ್ಚು ಮುಚ್ಚುಮರೆ ಮಾಡುತ್ತಾರೆ. ಸಭೆಯ ತೀರ್ಮಾನ ವಾರ್ಡಿಗೆ ತಲಪುವಷ್ಟರಲ್ಲಿ ‘ಫಾದರ್ ಹೇಳಿದ್ದಾರೆ’ ಎಂಬ ಒಂದೇ ವಾಕ್ಯವಾಗಿಬಿಡುತ್ತದೆ. ಫಾದರ್ ಹೇಳಿದ್ದು ಬೇರೆಯೇ ಇರುತ್ತದೆ. ಪ್ರಶ್ನೆ ಕೇಳುವವರನ್ನು ಚರ್ಚ್ ವಿರೋಧಿಗಳೆಂದು ಕರೆಯುವ ಚಾಳಿಯೂ ಇವರಲ್ಲೇ ಹೆಚ್ಚು (ಹಾಗೆ ಕರೆಯುವವರು ಕ್ಯಾನನ್ ಕಾನೂನಿನ 212ನೇ ನಿಯಮವನ್ನು ಒಮ್ಮೆ ಓದುವುದು ಒಳ್ಳೆಯದು, ಅಭಿಪ್ರಾಯ ತಿಳಿಸುವುದು ಭಕ್ತರ ಹಕ್ಕು ಎಂದು ಅಲ್ಲಿದೆ).

ಎಲ್ಲವನ್ನೂ ಬಯಲಿಗಿಡಬೇಕೆಂದು ನಾನು ಹೇಳುತ್ತಿಲ್ಲ. ಧರ್ಮಗುರುಗಳ ಬಳಿ ಮಾಡುವ ಪಾಪನಿವೇದನೆಯ ಗುಟ್ಟು ಎಂದೂ ಮುರಿಯಲಾಗದ್ದು. ಚಿಕಿತ್ಸೆಗೋ ಮಗಳ ಕಾಲೇಜು ಶುಲ್ಕಕ್ಕೋ ನೆರವು ಪಡೆದ ಕುಟುಂಬದ ಹೆಸರನ್ನು ಬೋರ್ಡಿನಲ್ಲಿ ಬರೆಯಕೂಡದು, ಒಟ್ಟು ಮೊತ್ತವಷ್ಟೇ ಸಾಕು. ಇದಕ್ಕೆ ವಿರುದ್ಧವಾಗಿ, ಮಕ್ಕಳ ಸುರಕ್ಷೆಗೆ ಸಂಬಂಧಿಸಿದ ದೂರು ಬಂದಾಗ ಚರ್ಚಿನ ಮಾನದ ನೆಪದಲ್ಲಿ ಅದನ್ನು ಒಳಗೊಳಗೇ ಇತ್ಯರ್ಥ ಮಾಡುವುದು ಗೌಪ್ಯತೆಯಲ್ಲ, ಅಪರಾಧಕ್ಕೆ ಕೊಡುವ ಆಸರೆ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಲೆಕ್ಕಪತ್ರವನ್ನು ಓದುವ ಒಂದು ವಾರ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ, ಪೂಜೆಯ ಬಳಿಕ ಸಭಾಭವನದಲ್ಲಿ ಪ್ರಶ್ನೋತ್ತರಕ್ಕೆ ಸಮಯ ಕೊಡಬಹುದು. ಪಾಲನಾ ಮಂಡಳಿಯ ತೀರ್ಮಾನಗಳನ್ನು ಕಾರಣಸಹಿತ ಬರೆದು ಗುರಿಕಾರರ ಕೈಗೆ ಕೊಟ್ಟರೆ ವಾರ್ಡಿನಲ್ಲಿ ಮಾತು ತಿರುಚುವುದು ನಿಲ್ಲುತ್ತದೆ. ಇನ್ನೊಂದನ್ನು ಮಾತ್ರ ಚರ್ಚುಗಳ ಇಷ್ಟಕ್ಕೆ ಬಿಡದೆ ಮಂಗಳೂರು ಮತ್ತು ಉಡುಪಿ ಧರ್ಮಪ್ರಾಂತ್ಯಗಳೇ ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ: ಧರ್ಮಗುರುಗಳ ವರ್ಗಾವಣೆಯ ಸಂದರ್ಭದಲ್ಲಿ ಬಾಕಿ ಬಿಲ್ಲು, ಸಾಲ, ಠೇವಣಿ ಮತ್ತು ಅರ್ಧಕ್ಕೆ ನಿಂತ ಕಾಮಗಾರಿಗಳ ಪಟ್ಟಿಗೆ ಹೋಗುವವರೂ ಬರುವವರೂ ಸಹಿ ಹಾಕಿ, ಅದನ್ನು ಪಾಲನಾ ಮಂಡಳಿಯ ಮುಂದೆ ಓದಿ ಹೇಳುವಂತಾಗಬೇಕು.

ಇತಿ,
ಓರ್ವ ಓದುಗ, ಉಡುಪಿ