ಗುಣಿಸುವ ಮೊದಲು ಗಡಿ ನೋಡಿ

ಮಾನ್ಯರೇ,

ನೀರು, ಮೆಟ್ರೊ ಎಂದು ಚರ್ಚೆ ಬಂದಾಗಲೆಲ್ಲ ‘ಬೆಂಗಳೂರು ಹತ್ತೇ ವರ್ಷಕ್ಕೆ ದುಪ್ಪಟ್ಟಾಗುತ್ತದೆ’ ಎನ್ನುವವರಿದ್ದಾರೆ. 2001ರ ಗಣತಿಯಲ್ಲಿ ಮಹಾನಗರ ಪಾಲಿಕೆಯ ಜನಸಂಖ್ಯೆ 43 ಲಕ್ಷ, 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದು (ಬಿಬಿಎಂಪಿ) 84 ಲಕ್ಷ, ನಿಜ. ಆದರೆ ನಡುವೆ, 2007ರಲ್ಲಿ, ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಪಾಲಿಕೆಗೆ ಸೇರಿದವು. ಗಡಿ ಹಿಗ್ಗಿದ್ದನ್ನೂ ಜನ ಹೆಚ್ಚಿದ್ದೆಂದು ಎಣಿಸಿದರೆ ಹೀಗಾಗುತ್ತದೆ.

ಬದಲಿಗೆ, ಹೀಗೆ ಗಡಿ ಹಿಗ್ಗದ ಬೆಂಗಳೂರು ನಗರ ಜಿಲ್ಲೆಯ ಅಂಕಿ ಹಿಡಿಯಿರಿ: 2001ರಲ್ಲಿ 65.37 ಲಕ್ಷ, 2011ರಲ್ಲಿ 96.22 ಲಕ್ಷ. ಅನುಪಾತ 1.472, ಅದರ ನ್ಯಾಚುರಲ್ ಲಾಗ್ (e ಆಧಾರದ ಲಾಗರಿದಮ್) 0.3865, ಅದನ್ನು ಹತ್ತು ವರ್ಷದಿಂದ ಭಾಗಿಸಿದರೆ ವರ್ಷಕ್ಕೆ ಶೇ 3.87. ದುಪ್ಪಟ್ಟಾಗಲು 0.693 (ಎರಡರ ನ್ಯಾಚುರಲ್ ಲಾಗ್) ಭಾಗಿಸು 0.0387, ಅಂದರೆ ಸುಮಾರು 18 ವರ್ಷ.

ಈ ದರವನ್ನೂ ದೂರ ಎಳೆಯುವಂತಿಲ್ಲ. ಹಾಗೆ ಎಳೆದರೆ 2051ಕ್ಕೆ ಜಿಲ್ಲೆಯೊಂದರಲ್ಲೇ ನಾಲ್ಕೂವರೆ ಕೋಟಿ ಜನ. 2011ರಲ್ಲಿ ಇಡೀ ಕರ್ನಾಟಕದಲ್ಲಿದ್ದದ್ದೇ 6.11 ಕೋಟಿ! ಒಂದೇ ದರದಲ್ಲಿ ಬೆಳೆಯುತ್ತಲೇ ಹೋಗುತ್ತದೆ ಎನ್ನುವ ಘಾತೀಯ ಸೂತ್ರಕ್ಕೆ ನೆಲ, ನೀರಿನ ಮಿತಿ ಗೊತ್ತಿಲ್ಲ. ಮಿತಿ ಹತ್ತಿರವಾದಂತೆ ಬೆಳವಣಿಗೆ ನಿಧಾನವಾಗುತ್ತದೆ ಎನ್ನುವ ಲಾಜಿಸ್ಟಿಕ್ ಮಾದರಿಗೆ ಗೊತ್ತು, ಆದರೆ ಅದಕ್ಕೆ ಕನಿಷ್ಠ ಮೂರು ಗಣತಿಗಳ ಅಂಕಿ ಬೇಕು, ಅದೂ ಒಂದೇ ಗಡಿಯದು. ವಲಸೆಯನ್ನಂತೂ ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು. ಯೋಜನಾ ವರದಿಗಳು ಯಾವ ಗಡಿ, ಯಾವ ಅವಧಿಯ ದರ ಎಂಬುದನ್ನಾದರೂ ನಮೂದಿಸಲಿ.

– ಸಂಖ್ಯಾಶಾಸ್ತ್ರ ಬೋಧಕರು, ಬೆಂಗಳೂರು